ಒಂಬತ್ತನೇ ಸುತ್ತಿಗೆ ಏಳದವನು

ಚೆಸ್ಟರ್, ಪೆನ್ಸಿಲ್ವೇನಿಯಾ
ಮಾರ್ಚ್ ೧೧, ೧೯೯೧

ಹೋಬರ್ಟ್ ಡಿಲೋಚ್‌ಗೆ,

ನಿನ್ನ ವಿಳಾಸವನ್ನು ನಮ್ಮ ಹಳೆಯ ಪಾದ್ರಿಗಳಿಂದ ಪಡೆದೆ. ನಾನು ನಿನಗೆ ಬರೆಯುತ್ತೇನೆಂದು ನೀನು ಎಣಿಸಿರಲಾರೆ. ನನ್ನ ಮನೆಯ ಮೆಟ್ಟಿಲು ತುಳಿಯಬೇಡ ಎಂದವಳು ನಾನೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರೆಯುತ್ತಿಲ್ಲ.

ವಿಷಯ ಇಷ್ಟು. ಊರಿನವರು ನನ್ನ ತಮ್ಮ ಲೆಮ್‌ನ ಕಂಚಿನ ಪ್ರತಿಮೆ ನಿಲ್ಲಿಸುತ್ತಾರಂತೆ. ಜಗತ್ತಿನ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಹುಟ್ಟಿದ ಊರಿದು ಎಂದು ಇಪ್ಪತ್ತು ವರ್ಷ ಯಾರಿಗೂ ನೆನಪಿರಲಿಲ್ಲ. ಹಡಗುಕಟ್ಟೆ ಮುಚ್ಚಿತು, ಅಂಗಡಿಗಳು ಮುಚ್ಚಿದವು, ತೋರಿಸಿಕೊಳ್ಳಲು ಬೇರೇನೂ ಉಳಿಯಲಿಲ್ಲ, ಆಗ ನೆನಪಾಯಿತು. ಪ್ರತಿಮಾ ಸಮಿತಿಯ ಅಧ್ಯಕ್ಷ ಯಾರು ಬಲ್ಲೆಯಾ? ಮಾರ್ಟನ್ ಫ್ರೇಲಿ. ಲೆಮ್‌ಗೆ 'ಸ್ಟೂಲಿನ ಸರದಾರ' ಎಂದು ಪತ್ರಿಕೆಯಲ್ಲಿ ಹೆಸರಿಟ್ಟ ಅದೇ ಫ್ರೇಲಿ.

ಕಳೆದ ವಾರ ಟೋಪಿ ಕೈಯಲ್ಲಿ ಹಿಡಿದು ನನ್ನ ನಡುಮನೆಯಲ್ಲಿ ಕೂತಿದ್ದ.

"ಮಿಸ್ ಗೇಥರ್ಸ್, ಊರಿಗೆ ಊರೇ ಹೆಮ್ಮೆಪಡ್ತಿದೆ" ಎಂದ.

"ಯಾವ ಊರು? ನಮ್ಮ ಬಾಗಿಲಿಗೆ ಕುರ್ಚಿ ತಂದಿಟ್ಟ ಊರಾ?"

"ಅದೆಲ್ಲ ಹಳೇ ಕಥೆ ಬಿಡಿ."

"ಹಳೇದಾದ್ರೆ ಕಂಚಲ್ಲಿ ಯಾಕೆ ಎರಕ ಹೊಯ್ತೀರಿ?"

ಫಲಕದ ಮೇಲೆ ಬರೆಸುವ ಸಾಲನ್ನು ಓದಿ ಹೇಳಿದ, ತಾನೇ ರಚಿಸಿದ್ದಂತೆ: 'ಪ್ರತಿ ಗಂಟೆಗೂ ಎದ್ದು ನಿಂತವನು.' ಮತ್ತೆ ಅನಾವರಣದ ದಿನ ಲೆಮ್‌ನನ್ನು ವೇದಿಕೆಗೆ ಕರೆತರಬೇಕು, ಒಂದು ಗಂಟೆ ಬಾರಿಸುತ್ತೇವೆ, ಅವನು ಎದ್ದು ಕೈ ಎತ್ತಿದರೆ ಸಾಕು ಎಂದ.

ಲೆಮ್ ಈಗ ಹೇಗಿದ್ದಾನೆಂದು ನಿನಗೆ ತಿಳಿಯದು. ಬಾಗಿಲ ಗಂಟೆಯ ತಂತಿ ಕಿತ್ತುಹಾಕಿದ್ದೇನೆ. ಟೆಲಿಫೋನಿಗೆ ಹತ್ತಿ ತುರುಕಿದ್ದೇನೆ. ಗಂಟೆ ಕೇಳಿದರೆ ಎದ್ದುನಿಂತು ಮುಷ್ಟಿ ಕಟ್ಟುತ್ತಾನೆ. ಎದುರಿಗೆ ಯಾರಿದ್ದರೂ ಅವರೇ ಶತ್ರು. ನನ್ನನ್ನು ಕೆಲವು ದಿನ ಅಮ್ಮ ಎನ್ನುತ್ತಾನೆ, ಕೆಲವು ದಿನ ನರ್ಸಮ್ಮ ಎನ್ನುತ್ತಾನೆ.

ಕಣದಲ್ಲಿ ಒಂದೇ ಒಂದು ಸಲ ಗಂಟೆ ಹೊಡೆದಾಗ ಅವನು ಏಳಲಿಲ್ಲ. ಅಂದು ಕಣದ ಮೂಲೆಯಲ್ಲಿ ಅವನ ಆರೈಕೆಗಿದ್ದವರ ಪೈಕಿ ನೀನೊಬ್ಬನೇ ಬದುಕಿದ್ದೀಯ. ಅಲ್ಲಿ ಏನಾಯಿತೆಂದು ಸಮಿತಿಗೆ ಬರೆ. ಆ ಸುಳ್ಳು ಸಾಲು ಫಲಕದಿಂದ ಹೋಗಬೇಕು. ಇಷ್ಟೇ ನನ್ನ ಕೋರಿಕೆ.

ಕೋರಿಕೆಯನ್ನು ಕ್ಷಮೆಯೆಂದು ತಪ್ಪು ತಿಳಿಯಬೇಡ,
ಆರ್ಡೆಲಿಯಾ ಗೇಥರ್ಸ್


ಆರೆಂಜ್‌ಬರ್ಗ್, ದಕ್ಷಿಣ ಕ್ಯಾರೊಲೈನಾ
ಏಪ್ರಿಲ್ ೨, ೧೯೯೧

ಅಕ್ಕ ಆರ್ಡೆಲಿಯಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಮಗಳು ಓದಿ ಹೇಳಿದಳು, ಕಣ್ಣು ಮಂಜಾಗಿದೆ.

ನನ್ನನ್ನು ಕ್ಷಮಿಸಬೇಕಾದದ್ದೇನೂ ಇಲ್ಲ, ಹಾಗಾಗಿ ತಪ್ಪು ತಿಳಿಯುವ ಪ್ರಶ್ನೆಯೂ ಇಲ್ಲ. ಲೆಮ್‌ನ ಕೊನೆಯ ಪಂದ್ಯದ ಮರುದಿನ ಅವನನ್ನು ತೋಳಲ್ಲಿ ಹಿಡಿದು ನಿಮ್ಮ ಮನೆಗೆ ತಂದವನು ನಾನು. ಅವನನ್ನು ಒಳಗೆ ಕರೆದುಕೊಂಡಿರಿ, ನನ್ನ ಮುಖಕ್ಕೆ ಬಾಗಿಲು ಹಾಕಿದಿರಿ. ಮಳೆ ಬರುತ್ತಿತ್ತು. ಬಸ್ ನಿಲ್ದಾಣದವರೆಗೂ ನಡೆದೆ.

ಫ್ರೇಲಿಯ ಸಾಲು ಸುಳ್ಳೆಂದು ನನಗೆ ಗೊತ್ತು. ಆದರೆ ಲೆಮ್‌ಗೆ ಒಂದು ಮಾತು ಕೊಟ್ಟಿದ್ದೇನೆ. ಅದನ್ನು ಯಾರದೋ ಫಲಕಕ್ಕಾಗಿ ಮುರಿಯಲಾರೆ. ಜನ ಸುಳ್ಳನ್ನು ಓದಲಿ ಬಿಡಿ. ಸತ್ಯ ಬರೆದಿದ್ದರೂ ಪಾರಿವಾಳಗಳು ಅದರ ಮೇಲೇ ಕೂರುತ್ತಿದ್ದವು.

ನಿಮ್ಮ ಮೆಟ್ಟಿಲು ತುಳಿಯದ,
ಹೋಬರ್ಟ್


ಚೆಸ್ಟರ್
ಏಪ್ರಿಲ್ ೯, ೧೯೯೧

ಹೋಬರ್ಟ್,

ಪಾರಿವಾಳದ ಮಾತು ಚೆನ್ನಾಗಿದೆ. ಕ್ಯಾರೊಲೈನಾದ ಬಿಸಿಲಲ್ಲಿ ಕೂತವರಿಗೆ ಅಂಥ ಮಾತು ಹೊಳೆಯುತ್ತದೆ. ನಾನು ಇಲ್ಲೇ ಉಳಿದವಳು. ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಇತಿಹಾಸ ಕಲಿಸಿದವಳು. ಇವರು ಏನನ್ನು ಮರೆಯುತ್ತಾರೆ, ಯಾವಾಗ ಮರೆಯುತ್ತಾರೆ ಎಂದು ಬಲ್ಲೆ.

ಅವನು ಚಾಂಪಿಯನ್ ಆಗಿ ಬಂದ ದಿನ ಅಗ್ನಿಶಾಮಕದ ಬಂಡಿಯ ಮೇಲೆ ಕೂರಿಸಿ ಥರ್ಡ್ ಸ್ಟ್ರೀಟಿನ ಉದ್ದಕ್ಕೂ ಮೆರವಣಿಗೆ ಮಾಡಿದರು. ಹಡಗುಕಟ್ಟೆಯ ಬೆಸುಗೆಗಾರರು ಮುಖವಾಡ ಎತ್ತಿ ಅತ್ತರು. ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ನನ್ನನ್ನು ಕಂಡವನೇ ಬಂಡಿಯಿಂದ ಧುಮುಕಿ, "ಅಕ್ಕ, ಹಸಿವಾಗ್ತಿದೆ, ಮೀನು ಹುರಿದಿದ್ದೀಯಾ?" ಎಂದ.

ಆಮೇಲೆ ಪಟ್ಟಕ್ಕಾಗಿ ಸವಾಲೆಸೆದ ಸ್ಟ್ರೌಡ್ ಜೊತೆಗಿನ ಪಂದ್ಯ. ಎಂಟನೇ ಸುತ್ತು ಮುಗಿದು ಲೆಮ್ ಸ್ಟೂಲಿನ ಮೇಲೆ ಕೂತ. ಒಂಬತ್ತಕ್ಕೆ ಗಂಟೆ ಹೊಡೆಯಿತು. ಅವನು ಏಳಲಿಲ್ಲ. ಪಟ್ಟ ಹೋಯಿತು. ಫ್ರೇಲಿ ಬರೆದ, 'ನೆಲಕ್ಕೆ ಬಿದ್ದು ಸೋತವರನ್ನು ಕಂಡಿದ್ದೆವು, ಕೂತು ಸೋತವನನ್ನು ಇಂದು ಕಂಡೆವು.'

ಬಿಳಿಯರು ನಕ್ಕರು, ಅದು ಹೊಸದಲ್ಲ. ಆದರೆ ಬೆಳಗಾದರೆ ನಮ್ಮ ಬಾಗಿಲ ಮುಂದೆ ಮುರುಕು ಕುರ್ಚಿಗಳಿರುತ್ತಿದ್ದವು. ಅವನ್ನು ಇಟ್ಟು ಹೋಗುತ್ತಿದ್ದವರು ನಮ್ಮವರು, ನಮ್ಮ ಬೀದಿಯವರು. ಕೆಲವನ್ನು ನಾನು ಗುರುತಿಸುತ್ತಿದ್ದೆ. ಆ ಕುರ್ಚಿಗಳಲ್ಲಿ ಕೂತು ಅವರ ಮನೆಗಳಲ್ಲಿ ಪೈ ತಿಂದಿದ್ದೆ. ಟಿಲ್‌ಮನ್‌ನ ಕ್ಷೌರದಂಗಡಿಗೆ ಲೆಮ್ ಹೋದರೆ, "ಬಾ ಚಾಂಪಿಯನ್, ಕೂತ್ಕೋ. ಕೂರೋ ಕೆಲ್ಸ ನಿನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ" ಎಂದು ಟಿಲ್‌ಮನ್ ಅಂದನಂತೆ. ಅಂಗಡಿಯೆಲ್ಲ ನಕ್ಕಿತು. ಲೆಮ್ ತಾನೂ ನಕ್ಕ, ಅರ್ಧ ತಲೆ ಕತ್ತರಿಸುವವರೆಗೂ ನಗುತ್ತಿದ್ದ, ಆಮೇಲೆ ಎದ್ದು ಮನೆಗೆ ಬಂದ. ಉಳಿದರ್ಧವನ್ನು ನಾನು ಅಡುಗೆಮನೆಯಲ್ಲಿ ಕತ್ತರಿಸಿದೆ. ಚರ್ಚಿನಲ್ಲಿ ಸ್ತೋತ್ರಕ್ಕೆ ಎಲ್ಲರೂ ಎದ್ದಾಗ ಹಿಂದಿನ ಸಾಲಿನಿಂದ ಒಬ್ಬಳು, "ಕಷ್ಟ ಆದ್ರೆ ಕೂತೇ ಇರಿ ಬ್ರದರ್ ಲೆಮ್" ಎಂದಳು. ಅವಳ ಕೈಯಲ್ಲಿ ದೇವರ ಪುಸ್ತಕವಿತ್ತು.

ಅದಾದ ಮೇಲೆ ಅವನು ಹನ್ನೊಂದು ವರ್ಷ ಕಾದಾಡಿದ. ಜಾತ್ರೆಯ ಡೇರೆಗಳಲ್ಲಿ, ಸ್ಕೇಟಿಂಗ್ ಅಂಗಳಗಳಲ್ಲಿ, ಹೆಸರಿಲ್ಲದ ಹುಡುಗರ ಜೊತೆ. ಆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಸುತ್ತುಗಳ ನಡುವೆ ಕೂರಲಿಲ್ಲ. ಬೇರೆಯವರು ದಣಿವಾರಿಸಿಕೊಳ್ಳುವ ಆ ಒಂದು ನಿಮಿಷ ಇವನು ಮೂಲೆಯಲ್ಲಿ ಹಗ್ಗ ಹಿಡಿದು ನಿಂತೇ ಇರುತ್ತಿದ್ದ. ಅದಕ್ಕೆ ಜನ ಶಿಳ್ಳೆ ಹೊಡೆದರು. ಫ್ರೇಲಿ ಅದನ್ನೂ ಹೊಗಳಿ ಬರೆದ. ಪ್ರತಿಮೆಯೂ ಹಾಗೇ ಇದೆಯಂತೆ, ಮೂಲೆಯಲ್ಲಿ ನಿಂತ ಭಂಗಿ.

ನಿಲ್ಲಿಸಿ ಕೊಂದರು ಹೋಬರ್ಟ್. ಆ ಹನ್ನೊಂದು ವರ್ಷವೂ ನೀನು ಅವನ ಮೂಲೆಯಲ್ಲಿದ್ದೆ. ಅದಕ್ಕೇ ಬಾಗಿಲು ಹಾಕಿದೆ. ಮಳೆ ಬರುತ್ತಿತ್ತೆಂದು ನನಗೂ ನೆನಪಿದೆ.

ಆರ್ಡೆಲಿಯಾ


ಆರೆಂಜ್‌ಬರ್ಗ್
ಮೇ ೨೦, ೧೯೯೧

ಅಕ್ಕ ಆರ್ಡೆಲಿಯಾ ಅವರಿಗೆ,

ಮಗಳು ನಿಮ್ಮ ಪತ್ರವನ್ನು ಅರ್ಧ ಓದಿ ನಿಲ್ಲಿಸಿದಳು. ಪೂರ್ತಿ ಓದಿಸಲು ಕೆಲವು ದಿನ ಹಿಡಿಯಿತು.

ನಾನಿಲ್ಲದಿದ್ದರೂ ಅವನು ಹೋಗುತ್ತಿದ್ದ. ಪ್ರತಿ ಪಂದ್ಯದಲ್ಲೂ ಪ್ರತಿ ಸುತ್ತು ಮುಗಿದಾಗಲೂ ಅವನ ಹಿಂದೆ ಸ್ಟೂಲು ಇಟ್ಟೆ. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. "ಕೂತ್ಕೋ ಕಣೋ, ಕಾಲು ನಡುಗ್ತಿದೆ" ಎಂದರೆ, "ಜನ ನೋಡ್ತಿದ್ದಾರೆ ಹೋಬ್" ಎನ್ನುತ್ತಿದ್ದ. ಹನ್ನೊಂದು ವರ್ಷ ಯಾರೂ ಕೂರದ ಸ್ಟೂಲು ಹೊತ್ತು ಊರೂರು ತಿರುಗಿದೆ. ಎಂದಾದರೂ ಒಂದು ದಿನ ಕೂರುತ್ತಾನೆಂದು ಹೊತ್ತೆ. ಬೇರೆಯವನಾಗಿದ್ದರೆ ಸ್ಟೂಲನ್ನೇ ತರುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ನನ್ನ ಪರವಾಗಿ ಹೇಳುವುದಿಲ್ಲ.

ಇನ್ನು ನೀವು ಕೇಳಿದ್ದು. ಮಗಳಿಗೆ ಹೇಳಿದೆ, ಕೊಟ್ಟ ಮಾತು ಮುರಿಯುವುದು ಪಾಪವಲ್ಲವೇ ಎಂದು. ಅವಳು, "ಅಪ್ಪಾ, ಮಾತು ತಗೊಂಡವನಿಗೇ ಅದು ನೆನಪಿಲ್ಲವಲ್ಲ" ಎಂದಳು. ಅದನ್ನು ಕೇಳಿ ಇನ್ನಷ್ಟು ಸಂಕಟವಾಯಿತು. ಆದರೂ ಹೇಳಿ ಬರೆಸುತ್ತಿದ್ದೇನೆ.

ಎಂಟನೇ ಸುತ್ತು ಮುಗಿದು ಲೆಮ್ ಬಂದು ಕೂತ. ನಾನು ಹುಬ್ಬಿನ ಗಾಯಕ್ಕೆ ಹತ್ತಿ ಒತ್ತುತ್ತಿದ್ದೆ. ಅವನು ಮೆಲ್ಲಗೆ, ಊಟದ ಹೊತ್ತಲ್ಲಿ ಉಪ್ಪು ಕೇಳಿದ ಹಾಗೆ, ಕೇಳಿದ:

"ಹೋಬ್, ನನ್ನ ಸಾಕಿದ್ಳಲ್ಲ ಅಕ್ಕ, ಅವಳ ಹೆಸರೇನು?"

"ಆರ್ಡೆಲಿಯಾ ಕಣೋ. ಯಾಕೆ?"

"ಆರ್ಡೆಲಿಯಾ" ಎಂದ. ನಾನು ನೀರು ಕುಡಿಸಿದೆ. ಉಗುಳಿ, ಮತ್ತೆ ಕೇಳಿದ: "ಹೋಬ್, ಅಕ್ಕನ ಹೆಸರೇನು?"

"ಈಗ ತಾನೇ ಹೇಳಿದ್ನಲ್ಲೋ."

ಅವನು ನನ್ನ ಮುಖವನ್ನೇ ನೋಡಿದ. "ಹಂಗಾದ್ರೆ ನಾನು ಏಳಲ್ಲ" ಎಂದ. "ಇದು ಹೋಗಿದೆ ಅಂದ್ರೆ ಮುಂದಿನ ಏಟಿಗೆ ಇನ್ನೇನು ಹೋಗುತ್ತೋ. ಸಾಕು."

ಗಂಟೆಗೆ ಇನ್ನು ಹತ್ತೇ ಸೆಕೆಂಡು ಎಂದು ಸೀಟಿ ಊದಿದರು. ಆ ಹೊತ್ತಿಗೆ ಸ್ಟೂಲು ಎಳೆದು ಹಗ್ಗದಾಚೆ ಇಳಿಯಬೇಕಾದದ್ದು ನನ್ನ ಕೆಲಸ. ತರಬೇತುದಾರ ಟ್ಯಾಲ್ಬರ್ಟ್ ಕಿರುಚಿದ, "ಎಳಿಯೋ ಅದನ್ನ! ಎಳಿಯೋ ಅಂದೆ!" ನಾನು ಸ್ಟೂಲಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ನಿಂತೆ. ಟ್ಯಾಲ್ಬರ್ಟ್ ಎಳೆದರೂ ಬರಬಾರದೆಂದು. ಗಂಟೆ ಹೊಡೆಯಿತು. ಲೆಮ್ ಕೂತೇ ಇದ್ದ. ಜೀವಮಾನದಲ್ಲಿ ಅವನು ಅಷ್ಟು ನೆಮ್ಮದಿಯಾಗಿ ಕೂತದ್ದನ್ನು ನಾನು ಕಂಡಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಟ್ಯಾಲ್ಬರ್ಟ್ ಪತ್ರಿಕೆಯವರಿಗೆ, "ಹುಡುಗ ಹೆದರಿಬಿಟ್ಟ" ಎಂದ. ಮರೆವು ಎಂದಿದ್ದರೆ ವೈದ್ಯರು ಲೈಸೆನ್ಸ್ ಕಿತ್ತುಕೊಳ್ಳುತ್ತಿದ್ದರು. ಹೆದರಿಕೆ ಎಂದರೆ ಮತ್ತೆ ಕಣಕ್ಕಿಳಿಸಬಹುದಲ್ಲ. ನಾನು ಬಾಯಿ ತೆರೆಯಹೋದೆ. ಲೆಮ್ ನನ್ನ ತೋಳು ಹಿಡಿದ. ಆಮೇಲೆ ಹೇಳಿದ: "ಅಕ್ಕಂಗೆ ಮಾತ್ರ ಗೊತ್ತಾಗಬಾರದು ಹೋಬ್. ಅವಳ ಹೆಸರು ಮರೆತೆ ಅಂದ್ರೆ ನೊಂದ್ಕೋತಾಳೆ. ಹೆದರಿದೆ ಅಂತಾನೇ ತಿಳ್ಕೊಳ್ಳಲಿ."

ಅದೇ ಆ ಮಾತು. ಈಗ ಅದೂ ಹೋಯಿತು.

ಹೋಬರ್ಟ್


ಚೆಸ್ಟರ್
ಜುಲೈ ೧೪, ೧೯೯೧

ಹೋಬರ್ಟ್,

ನಿನ್ನ ಪತ್ರಕ್ಕೆ ಉತ್ತರಿಸಲು ತಡವಾಯಿತು. ಬಟಾಣಿ ಬಿಡಿಸುವುದಿತ್ತು, ಕಿಟಕಿ ಪರದೆ ಒಗೆಯುವುದಿತ್ತು.

ಆ ಪಂದ್ಯ ಮುಗಿದ ಕಾಲದಲ್ಲಿ ಲೆಮ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಮ್ಮನೆ, "ಆರ್ಡೆಲಿಯಾ" ಎನ್ನುತ್ತಿದ್ದ. "ಏನೋ?" ಎಂದರೆ, "ಏನಿಲ್ಲ." ಚಿಕ್ಕಂದಿನಿಂದ ಅಕ್ಕ ಎನ್ನುತ್ತಿದ್ದವನು ಹೆಸರು ಹಿಡಿದು ಕರೆಯತೊಡಗಿದ್ದು ದೊಡ್ಡವನಾದ ಸೊಕ್ಕೆಂದು ನಾನು ಎಣಿಸಿದ್ದೆ. ಈ ಬಗ್ಗೆ ಇಷ್ಟು ಸಾಕು.

ನಿನ್ನ ಪತ್ರದ ಆ ಪುಟವನ್ನು ಸಮಿತಿಯ ಮುಂದೆ ಓದಿದೆ. ಒಬ್ಬಳು ಕಣ್ಣೊರೆಸಿಕೊಂಡಳು. ಟಿಲ್‌ಮನ್‌ನ ಮಗನೂ ಸಮಿತಿಯಲ್ಲಿದ್ದಾನೆ. ಮೇಜಿನ ಮೇಲಿನ ಗೀರನ್ನು ನೋಡುತ್ತಾ ಕೂತಿದ್ದ. ಫ್ರೇಲಿ ಕನ್ನಡಕ ಒರೆಸಿ, "ಬಹಳ ಮನ ಕಲಕುತ್ತೆ ಮಿಸ್ ಗೇಥರ್ಸ್. ಆದ್ರೆ ಫಲಕದ ಮೇಲೆ ಇದನ್ನ ಹಾಕೋಕಾಗುತ್ತಾ? ಮಕ್ಕಳು ಓದ್ತಾರೆ" ಎಂದ.

"ಮಕ್ಕಳೇ ಓದ್ಬೇಕು" ಎಂದೆ. "ಏಟು ತಿನ್ನೋದನ್ನ ಯಾರು ಬೇಕಾದ್ರೂ ಕಲಿಸ್ತಾರೆ. ಸಾಕು ಅನ್ನೋದನ್ನ ಕಲಿಸಿದ್ದು ಈ ಊರಲ್ಲಿ ಇವನೊಬ್ಬನೇ. ಅದಕ್ಕೆ ನೀವು ಏನು ಬಹುಮಾನ ಕೊಟ್ರಿ ಅಂತ ನಾನು ಹೇಳ್ಬೇಕಾ?"

ಸತ್ಯ ಬರೆಸಲು ಒಪ್ಪಲಿಲ್ಲ. ಆದರೆ ಆ ಸಾಲು ತೆಗೆಯುತ್ತೇವೆ, ಬರೀ ಹೆಸರು ಮತ್ತು ಇಸವಿ ಇರುತ್ತದೆ, ಗಂಟೆ ಬಾರಿಸುವುದಿಲ್ಲ ಎಂದು ಒಪ್ಪಿದರು. ಫ್ರೇಲಿಯ ಸಹಿ ಹಾಕಿಸಿಕೊಂಡಿದ್ದೇನೆ. ಅದಕ್ಕೆ ಪ್ರತಿಯಾಗಿ ಲೆಮ್‌ನನ್ನು ಕರೆತರುತ್ತೇನೆಂದೆ. ಅನಾವರಣ ಸೆಪ್ಟೆಂಬರಿನಲ್ಲಿ.

ಬಂದು ಹೋಗಲು ನಿನಗೆ ಆಗುವುದಾದರೆ ತಡೆಯುವವಳಲ್ಲ.

ಆರ್ಡೆಲಿಯಾ


ಆರೆಂಜ್‌ಬರ್ಗ್
ಆಗಸ್ಟ್ ೩೦, ೧೯೯೧

ಅಕ್ಕ,

ಬರಲಾರೆ. ಹಿಂದೆ ಹಡಗುಕಟ್ಟೆಯಲ್ಲಿ ದುಡಿದಾಗ ಕುಡಿದ ಧೂಳು ಈಗ ಎದೆಯಲ್ಲಿ ಮನೆ ಮಾಡಿದೆ. ಬಾಗಿಲಿಂದ ಅಂಚೆಪೆಟ್ಟಿಗೆಗೆ ಹೋಗುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತೇನೆ.

ನನ್ನ ಬದಲು ಸ್ಟೂಲನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ಅದೇ ಸ್ಟೂಲು. ಒಂದು ಕಾಲಿಗೆ ತಗಡು ಬಡಿದಿದೆ, ಅಲ್ಲಾಡುವುದಿಲ್ಲ.

ಗಂಟೆ ಬಾರಿಸುವುದಿಲ್ಲ ಎಂದು ಸಹಿ ಹಾಕಿದ್ದಾರೆ, ಸರಿ. ಆದರೂ ಹೇಳಿರುತ್ತೇನೆ. ಅವನು ಎದ್ದು ನಿಂತುಬಿಟ್ಟರೆ ಭುಜ ಹಿಡಿದು ಒತ್ತಬೇಡಿ, ಎದುರಾಳಿ ಎಂದುಕೊಳ್ಳುತ್ತಾನೆ. ಮುಂದೆ ಬಂದು ಮಾತಾಡಬೇಡಿ. ಹಿಂದಿನಿಂದ ಸ್ಟೂಲನ್ನು ಹಲಗೆಯ ಮೇಲೆ ಜೋರಾಗಿ ಕುಕ್ಕಿ. ಆ ಸದ್ದು ಅವನಿಗೆ ಗೊತ್ತು. ಆಮೇಲೆ ಅಡ್ಡಪಟ್ಟಿಯ ಮೇಲೆ ಕಾಲಿಡಿ. ಯಾರೂ ಎಳೆಯುವುದಿಲ್ಲ ಎಂದು ಅವನಿಗೆ ತಿಳಿಯಬೇಕು.

ಹೋಬ್


ಚೆಸ್ಟರ್
ಸೆಪ್ಟೆಂಬರ್ ೩೦, ೧೯೯೧

ಹೋಬ್,

ನೀನು ಬರದಿದ್ದುದೇ ಒಳ್ಳೆಯದಾಯಿತು. ಬಂದಿದ್ದರೆ ಯಾರಿಗಾದರೂ ಹೊಡೆದು ಜೈಲಿಗೆ ಹೋಗುತ್ತಿದ್ದೆ.

ಲೆಮ್‌ಗೆ ನೀಲಿ ಸೂಟು ತೊಡಿಸಿದ್ದೆ. ಬಿಸಿಲು ಬಹಳವಿತ್ತು. ಚರ್ಚಿನ ಹೆಂಗಸರು ಶವಪೆಟ್ಟಿಗೆ ಅಂಗಡಿಯ ಹೆಸರಿದ್ದ ಬೀಸಣಿಗೆ ಹಂಚುತ್ತಿದ್ದರು. ಮೊದಲ ಸಾಲಿನಲ್ಲಿ ಟಿಲ್‌ಮನ್ ಇದ್ದ, ಈಗ ಗಾಲಿಕುರ್ಚಿಯಲ್ಲಿ. ನಾನು ಸ್ಟೂಲು ಹಿಡಿದು ಬಂದದ್ದನ್ನು ಕಂಡು ಸಮಿತಿಯ ಹುಡುಗಿ, "ಕುರ್ಚಿ ಇದೆಯಲ್ಲ ಮೇಡಂ, ಇದ್ಯಾಕೆ?" ಎಂದಳು. "ಇರ್ಲಿ ಬಿಡಮ್ಮ" ಎಂದು ಕಾಲ ಬಳಿ ಇಟ್ಟುಕೊಂಡೆ.

ಮೇಯರು ಬಟ್ಟೆ ಎಳೆದರು. ಪ್ರತಿಮೆಯ ಮುಖ ಲೆಮ್‌ನದಲ್ಲ, ಯಾರದೂ ಅಲ್ಲ. ನಾನು ಫಲಕ ನೋಡಿದೆ. 'ಪ್ರತಿ ಗಂಟೆಗೂ ಎದ್ದು ನಿಂತವನು.' ಫ್ರೇಲಿಯ ಕಡೆ ತಿರುಗಿದೆ. ಅವನು ಬಾಗಿ, "ಎರಕ ಮೊದಲೇ ಹೊಯ್ದಾಗಿತ್ತು ಮಿಸ್ ಗೇಥರ್ಸ್, ಏನೂ ಮಾಡೋಕಾಗಲಿಲ್ಲ" ಎಂದು ಪಿಸುಗುಟ್ಟಿದ. ಅವನ ಸಹಿ ನನ್ನ ಕೈಚೀಲದಲ್ಲಿತ್ತು. ಎದ್ದು ಲೆಮ್‌ನನ್ನು ಕರೆದುಕೊಂಡು ಹೊರಡಬೇಕೆನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

ಲೆಮ್ ಎದ್ದ.

ಮುಷ್ಟಿ ಕಟ್ಟಿ, ಗದ್ದ ಎದೆಗಿಳಿಸಿ, ಪ್ರತಿಮೆಯ ಎದುರು ನಿಂತ. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಅವನಿಗೆ ಅದು ಹೊಸ ಸುತ್ತು. ಎದುರಾಳಿ ಕದಲುತ್ತಿಲ್ಲ, ತನಗೂ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿಲ್ಲ. ಮೇಯರು ಭಾಷಣ ಮಾಡಿದರು, ಲೆಮ್ ನಿಂತಿದ್ದ. ಪಾದ್ರಿಗಳು ಪ್ರಾರ್ಥಿಸಿದರು, ನಿಂತಿದ್ದ. ಸೂಟಿನ ಬೆನ್ನು ಒದ್ದೆಯಾಯಿತು, ಮೊಣಕಾಲು ನಡುಗಲು ಶುರುವಾಯಿತು. ಫ್ರೇಲಿ ಮೈಕಿನಲ್ಲಿ, "ನೋಡಿ, ಇವತ್ತಿಗೂ ಕೂರಲ್ಲ ನಮ್ಮ ಚಾಂಪಿಯನ್" ಎಂದ. ಮತ್ತೆ ಚಪ್ಪಾಳೆ.

ನೀನು ಬರೆದಂತೆ ಮಾಡಿದೆ. ಹಿಂದಿನಿಂದ ಹೋಗಿ ಸ್ಟೂಲನ್ನು ಹಲಗೆಯ ಮೇಲೆ ಕುಕ್ಕಿದೆ.

ಅವನ ಭುಜ ಇಳಿಯಿತು. ತಿರುಗದೆಯೇ, "ಜನ ನೋಡ್ತಿದ್ದಾರೆ ಹೋಬ್" ಎಂದ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ನೋಡ್ಲಿ ಬಿಡು" ಎಂದೆ.

"ಟ್ಯಾಲ್ಬರ್ಟ್ ಎಳೀತಾನೆ."

ಅಡ್ಡಪಟ್ಟಿಯ ಮೇಲೆ ಕಾಲಿಟ್ಟೆ. ಚರ್ಚಿಗೆ ಹಾಕುವ ಕರಿ ಬೂಟು, ಎಪ್ಪತ್ತು ದಾಟಿದ ಕಾಲು. "ಯಾರೂ ಎಳಿಯಲ್ಲ. ಕಾಲಿಟ್ಟಿದ್ದೀನಿ."

ಅವನು ಕೂತ. ಸ್ವಲ್ಪ ಹೊತ್ತು ಸುಧಾರಿಸಿಕೊಂಡ. ಆಮೇಲೆ ಕತ್ತೆತ್ತಿ ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ, "ನಿಮ್ಮ ಹೆಸರೇನಮ್ಮ?" ಎಂದ.

ಜನ ನಕ್ಕರು. ಚಾಂಪಿಯನ್ ತಮಾಷೆ ಮಾಡಿದನೆಂದುಕೊಂಡರು.

"ಆರ್ಡೆಲಿಯಾ" ಎಂದೆ.

"ಚೆನ್ನಾಗಿದೆ" ಎಂದ. ಮತ್ತೆ ಕೇಳಿದ. ಮತ್ತೆ ಹೇಳಿದೆ. ಸಭೆ ಮುಗಿದು ಕುರ್ಚಿಗಳನ್ನು ಮಡಚುವವರೆಗೂ ಕೇಳುತ್ತಿದ್ದ, ಹೇಳುತ್ತಿದ್ದೆ. ಕಾಲು ತೆಗೆಯಲಿಲ್ಲ.

ಪತ್ರಿಕೆಯ ತುಂಡನ್ನು ಇದರೊಂದಿಗೆ ಇಟ್ಟಿದ್ದೇನೆ.

ಆರ್ಡೆಲಿಯಾ


ಆರೆಂಜ್‌ಬರ್ಗ್
ಅಕ್ಟೋಬರ್ ೧೮, ೧೯೯೧

ಅಕ್ಕ,

ಪತ್ರಿಕೆಯ ಚಿತ್ರವನ್ನು ಮಗಳು ನೋಡಿ ಹೇಳಿದಳು. ಲೆಮ್ ಮುಷ್ಟಿ ಎತ್ತಿ ನಿಂತಿದ್ದಾನೆ, ಹಿಂದೆ ಪ್ರತಿಮೆ, ಪಕ್ಕದಲ್ಲಿ ಫ್ರೇಲಿ. 'ಅಂದಿನಂತೆಯೇ ಇಂದೂ' ಎಂದು ಕೆಳಗೆ ಬರೆದಿದೆಯಂತೆ. "ಸ್ಟೂಲು ಕಾಣುತ್ತಾ?" ಎಂದು ಕೇಳಿದೆ. ಇಲ್ಲವಂತೆ. ನೀವೂ ಇಲ್ಲವಂತೆ.

ಅವನು ಕೂತದ್ದನ್ನು ನೀವು ಕಂಡಿರಲ್ಲ, ನನಗೆ ಅಷ್ಟು ಸಾಕು. ಸ್ಟೂಲನ್ನು ಹಿಂದಕ್ಕೆ ಕಳಿಸಬೇಡಿ.

ಹೋಬ್


ಚೆಸ್ಟರ್
ನವೆಂಬರ್ ೪, ೧೯೯೧

ಹೋಬ್,

ಕಳಿಸುವುದಿಲ್ಲ, ಅದಕ್ಕೆ ಕೆಲಸವಿದೆ.

ಭಾನುವಾರ ಚರ್ಚು ಮುಗಿದ ಮೇಲೆ ಲೆಮ್‌ನನ್ನೂ ಸ್ಟೂಲನ್ನೂ ಕರೆದುಕೊಂಡು ಚೌಕಕ್ಕೆ ಹೋಗುತ್ತೇನೆ. ಪ್ರತಿಮೆಯ ಬುಡದಲ್ಲಿ, ಫಲಕಕ್ಕೆ ಅಡ್ಡವಾಗಿ ಸ್ಟೂಲು ಹಾಕಿ ಅವನನ್ನು ಕೂರಿಸುತ್ತೇನೆ. ಮೊದಲ ವಾರ ಪೊಲೀಸನೊಬ್ಬ ಬಂದು, "ಫಲಕ ಕಾಣಲ್ಲ, ಸ್ವಲ್ಪ ಸರೀತೀರಾ ಅಮ್ಮ?" ಎಂದ. ನಾನು ಪಾಠ ಹೇಳಿದ ಹುಡುಗ. "ಕಾಣದೇ ಇರ್ಲಿ ಅಂತಾನೇ ಕೂತಿರೋದು" ಎಂದೆ. ತಲೆ ಕೆರೆದುಕೊಂಡು ಹೋದ.

ಲೆಮ್ ಅಲ್ಲಿ ಕೂತು ಬಟಾಣಿ ಬಿಡಿಸುತ್ತಾನೆ. ಚರ್ಚಿನ ಗಂಟೆ ಹೊಡೆದಾಗ ಒಮ್ಮೆ ಏಳಹೋಗುತ್ತಾನೆ. ನಾನು ಅಡ್ಡಪಟ್ಟಿಯ ಮೇಲೆ ಕಾಲಿಡುತ್ತೇನೆ. ಕೂರುತ್ತಾನೆ.

ಜನ ಬರುತ್ತಾರೆ. ತಲೆಯ ಮೇಲಿನ ಪ್ರತಿಮೆಯ ಚಿತ್ರ ತೆಗೆದುಕೊಳ್ಳುತ್ತಾರೆ. ಕೆಲವರು ಲೆಮ್‌ಗೆ, "ಸ್ವಲ್ಪ ಆಚೆ ಸರೀತೀಯಾ ಅಜ್ಜ" ಎನ್ನುತ್ತಾರೆ. ಅವನು ನಕ್ಕು ಸರಿಯುತ್ತಾನೆ. ಕೂತವನು ಯಾರೆಂದು ಯಾರಾದರೂ ಕೇಳಿದರೆ ಎಲ್ಲವನ್ನೂ ಹೇಳಬೇಕೆಂದು ಎಂಟನೇ ಸುತ್ತಿನಿಂದ ಹಿಡಿದು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗುತ್ತೇನೆ.

ಇನ್ನೂ ಯಾರೂ ಕೇಳಿಲ್ಲ.

ನನ್ನ ಮನೆಯ ಮೆಟ್ಟಿಲು ಅಷ್ಟೇನೂ ಎತ್ತರವಿಲ್ಲ. ಎದೆ ಹಗುರವಾದ ದಿನ ಬಾ. ಬಾಗಿಲಿಗೆ ಗಂಟೆ ಇಲ್ಲ, ಹೆಸರು ಹಿಡಿದು ಕೂಗು.

ಆರ್ಡೆಲಿಯಾ